ಸಂಸತ್ತಿನ ಆರೋಗ್ಯ ಚರ್ಚೆಗಳಲ್ಲಿ ವೈದ್ಯರು: ಪದೇ ಪದೇ ಕೇಳುವ ಪ್ರಶ್ನೆಗಳು

2024ರ ಲೋಕಸಭಾ ಚುನಾವಣೆಯಲ್ಲಿ ನಮ್ಮ ಸುತ್ತಿನ ಎರಡು ಕ್ಷೇತ್ರಗಳಿಂದ ವೈದ್ಯರು ಆಯ್ಕೆಯಾದರು. ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಸಿ.ಎನ್. ಮಂಜುನಾಥ್ ಬೆಂಗಳೂರು ಗ್ರಾಮಾಂತರದಿಂದ ಗೆದ್ದರು. ರಾಜ್ಯದ ಆರೋಗ್ಯ ಮತ್ತು ವೈದ್ಯಕೀಯ ಶಿಕ್ಷಣ ಸಚಿವರಾಗಿದ್ದ ಡಾ. ಕೆ. ಸುಧಾಕರ್ ಚಿಕ್ಕಬಳ್ಳಾಪುರದಿಂದ ಗೆದ್ದರು. ಅಂದಿನಿಂದ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಆರೋಗ್ಯ ಶಿಬಿರಕ್ಕೋ ಕಾಲೇಜಿನ ಉಪನ್ಯಾಸಕ್ಕೋ ಹೋದಾಗಲೆಲ್ಲ ಜನರು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು ಕೇಳುತ್ತಿದ್ದಾರೆ. ಕೆಲವರು ಪತ್ರ ಬರೆದೂ ಕೇಳಿದ್ದಾರೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲಿಯೇ ಇಟ್ಟಿದ್ದೇನೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಸೇವೆ ಮುಗಿಸಿದ ವೈದ್ಯನಾಗಿ ಉತ್ತರಿಸುತ್ತಿದ್ದೇನೆ. ಯಾವ ಪಕ್ಷದ ಪರವಾಗಿಯೂ ಅಲ್ಲ.

## ಮೊದಲಿಗೆ ತಿಳಿಯಬೇಕಾದವು

ನಮ್ಮ ಎಂಪಿ ಡಾಕ್ಟರು. ಹಾಗಾದ್ರೆ ಇನ್ನು ನಮ್ಮ ತಾಲ್ಲೂಕು ಆಸ್ಪತ್ರೆಗೆ ಡಾಕ್ಟರು ಬರ್ತಾರಾ?

ನೇರವಾಗಿ ಬರುವುದಿಲ್ಲ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಸಾರ್ವಜನಿಕ ಆರೋಗ್ಯ, ನೈರ್ಮಲ್ಯ, ಆಸ್ಪತ್ರೆ ಮತ್ತು ಔಷಧಾಲಯಗಳು ರಾಜ್ಯ ಪಟ್ಟಿಯಲ್ಲಿವೆ. ತಾಲ್ಲೂಕು ಆಸ್ಪತ್ರೆಗೆ ವೈದ್ಯರನ್ನು ನೇಮಿಸುವುದು, ವರ್ಗಾಯಿಸುವುದು, ಹೆರಿಗೆ ವಾರ್ಡಿಗೆ ಅರಿವಳಿಕೆ ತಜ್ಞರನ್ನು ಕೊಡುವುದು ಎಲ್ಲವೂ ರಾಜ್ಯ ಸರ್ಕಾರದ ಕೆಲಸ. ಆ ವಿಷಯಕ್ಕೆ ಶಾಸಕರನ್ನೂ ಜಿಲ್ಲಾ ಆರೋಗ್ಯಾಧಿಕಾರಿಯನ್ನೂ ಕೇಳಬೇಕು.

ಹಾಗೆಂದು ಸಂಸತ್ತಿಗೆ ಸಂಬಂಧವೇ ಇಲ್ಲ ಎಂದೂ ಅಲ್ಲ. ವೈದ್ಯ ವೃತ್ತಿ, ವೈದ್ಯಕೀಯ ಶಿಕ್ಷಣ, ಔಷಧಿಗಳು, ಆಹಾರ ಕಲಬೆರಕೆ, ಕುಟುಂಬ ಯೋಜನೆ, ರಾಜ್ಯದಿಂದ ರಾಜ್ಯಕ್ಕೆ ಹರಡುವ ಸಾಂಕ್ರಾಮಿಕ ರೋಗಗಳ ತಡೆ ಇವೆಲ್ಲ ಕೇಂದ್ರವೂ ರಾಜ್ಯಗಳೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿವೆ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಹಣದಲ್ಲಿಯೂ ಆಯುಷ್ಮಾನ್ ಭಾರತ್ ಯೋಜನೆಯಲ್ಲಿಯೂ ಕೇಂದ್ರದ ಪಾಲು ಶೇ 60, ನಮ್ಮಂಥ ರಾಜ್ಯಗಳ ಪಾಲು ಶೇ 40. 2023ರ ಆಗಸ್ಟ್‌ನಲ್ಲಿ ವೈದ್ಯಕೀಯ ಶಿಕ್ಷಣವನ್ನು ನಿಯಂತ್ರಿಸುವ ರಾಷ್ಟ್ರೀಯ ವೈದ್ಯಕೀಯ ಆಯೋಗವು 10 ಲಕ್ಷ ಜನಸಂಖ್ಯೆಗೆ 100 ಎಂಬಿಬಿಎಸ್ ಸೀಟುಗಳ ಮಿತಿ ಹಾಕಲು ಹೊರಟಾಗ ಕರ್ನಾಟಕವೂ ಸೇರಿ ದಕ್ಷಿಣದ ರಾಜ್ಯಗಳಿಗೆ ಅದರ ಬಿಸಿ ತಟ್ಟುವುದಿತ್ತು. ವಿರೋಧ ಬಂದ ಮೇಲೆ ಆಯೋಗ ಅದನ್ನು ತಡೆಹಿಡಿಯಿತು. ಸಂಸದರ ಮಾತಿಗೆ ಬೆಲೆ ಬರುವುದು ಇಂಥ ಕಡೆ.

ನಮ್ಮ ತಾಲ್ಲೂಕಿಗೆ ಎಂಪಿ ಯಾರು ಅನ್ನೋದೇ ಗೊಂದಲ. ಯಾರನ್ನ ಕೇಳೋದು?

ಜಿಲ್ಲೆಯ ಗಡಿಯೂ ಲೋಕಸಭಾ ಕ್ಷೇತ್ರದ ಗಡಿಯೂ ಒಂದೇ ಅಲ್ಲವಾದ್ದರಿಂದ ಈ ಗೊಂದಲ ಸಹಜ. ತುಮಕೂರು ಜಿಲ್ಲೆಯ ಕುಣಿಗಲ್ ಬೆಂಗಳೂರು ಗ್ರಾಮಾಂತರ ಕ್ಷೇತ್ರಕ್ಕೂ, ಶಿರಾ ಮತ್ತು ಪಾವಗಡ ಚಿತ್ರದುರ್ಗಕ್ಕೂ ಸೇರಿವೆ; ಉಳಿದವು ತುಮಕೂರು ಕ್ಷೇತ್ರದಲ್ಲಿವೆ. ಚಿಕ್ಕಬಳ್ಳಾಪುರ ಜಿಲ್ಲೆಯ ಚಿಂತಾಮಣಿ ಮತ್ತು ಶಿಡ್ಲಘಟ್ಟ ಕೋಲಾರ ಕ್ಷೇತ್ರದವು. ಗೌರಿಬಿದನೂರು, ಬಾಗೇಪಲ್ಲಿ, ಚಿಕ್ಕಬಳ್ಳಾಪುರ ಮಾತ್ರ ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರಕ್ಕೆ ಬರುತ್ತವೆ. 2023ರಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ತಲಕಾಯಲಬೆಟ್ಟದ ಬಳಿ ಹಿಡಿದ ಸೊಳ್ಳೆಗಳಲ್ಲಿ ಝೀಕಾ ವೈರಾಣು ಪತ್ತೆಯಾಯಿತು. ಅದರ ನಿಗಾ ನೋಡಿದ್ದು ಚಿಕ್ಕಬಳ್ಳಾಪುರ ಜಿಲ್ಲಾಡಳಿತ. ದೆಹಲಿಯಲ್ಲಿ ಅದರ ಬಗ್ಗೆ ಕೇಳಬೇಕಾದವರು ಕೋಲಾರದ ಸಂಸದರು.

ಹೆಸರಿನ ಹಿಂದೆ ಡಾ. ಅಂತ ಇದ್ದೋರೆಲ್ಲ ವೈದ್ಯರೇನಾ?

ಅಲ್ಲ. ನಮ್ಮ ಕೊರಟಗೆರೆಯ ಶಾಸಕ ಡಾ. ಜಿ. ಪರಮೇಶ್ವರ್ ಅವರದು ಸಸ್ಯಶಾಸ್ತ್ರಕ್ಕೆ ಸಂಬಂಧಿಸಿದ ಸಂಶೋಧನಾ ಪದವಿ. ಸದಸ್ಯರ ವಿದ್ಯಾರ್ಹತೆ ಲೋಕಸಭೆ ಮತ್ತು ವಿಧಾನಸಭೆಯ ಜಾಲತಾಣಗಳಲ್ಲಿಯೂ ಅವರ ಚುನಾವಣಾ ಪ್ರಮಾಣಪತ್ರಗಳಲ್ಲಿಯೂ ಸಿಗುತ್ತದೆ.

ಸರ್ಕಾರಿ ಡಾಕ್ಟರು ಕೆಲಸದಲ್ಲಿದ್ದುಕೊಂಡೇ ಎಲೆಕ್ಷನ್‌ಗೆ ನಿಲ್ಲಬಹುದಾ? ಗೆದ್ದ ಮೇಲೆ ಪ್ರಾಕ್ಟೀಸ್ ಮಾಡಬಹುದಾ?

ಸರ್ಕಾರಿ ಹುದ್ದೆಯಲ್ಲಿದ್ದು ಸಂಸದರಾಗುವಂತಿಲ್ಲ. ಸಂವಿಧಾನದ 102ನೇ ವಿಧಿಯು ಲಾಭದಾಯಕ ಹುದ್ದೆಯನ್ನು ಅನರ್ಹತೆ ಎಂದು ಹೇಳುತ್ತದೆ. ರಾಜೀನಾಮೆ ಕೊಟ್ಟೋ ನಿವೃತ್ತರಾಗಿಯೋ ಕಣಕ್ಕಿಳಿಯಬೇಕು. ಖಾಸಗಿಯಾಗಿ ರೋಗಿಗಳನ್ನು ನೋಡುವುದು ಲಾಭದಾಯಕ ಹುದ್ದೆಯಲ್ಲವಾದ್ದರಿಂದ ಸಂಸದರಾದ ಮೇಲೆಯೂ ಪ್ರಾಕ್ಟೀಸ್ ಮುಂದುವರಿಸಿದವರು ಹಲವರಿದ್ದಾರೆ. ಸಚಿವರಾದರೆ ಮಾತು ಬೇರೆ. ನನ್ನ ಅಭಿಪ್ರಾಯ ಕೇಳಿದರೆ, ವಾರಕ್ಕೆ ಒಂದು ದಿನವಾದರೂ ಹೊರರೋಗಿ ವಿಭಾಗದಲ್ಲಿ ಕೂರುವ ಸಂಸದರು ಒಳ್ಳೆಯ ಪ್ರಶ್ನೆಗಳನ್ನು ಕೇಳುತ್ತಾರೆ. ಔಷಧಿ ಚೀಟಿ ಹಿಡಿದು ಹೊರಗಿನ ಅಂಗಡಿಗೆ ಹೋದ ರೋಗಿ ಬೆಲೆ ಕೇಳಿ ಬರಿಗೈಯಲ್ಲಿ ಮರಳುವುದು ಯಾವ ಸರ್ಕಾರಿ ವರದಿಯಲ್ಲಿಯೂ ಕಾಣುವುದಿಲ್ಲ.

ಡಾಕ್ಟರು ಶಾಸನಸಭೆಗೆ ಹೋಗಿ ನಿಜವಾಗಿ ಏನಾದ್ರೂ ಬದಲಾಗಿದ್ದುಂಟಾ?

ಉಂಟು. ಡಾ. ಮುತ್ತುಲಕ್ಷ್ಮಿ ರೆಡ್ಡಿ 1927ರಲ್ಲಿ ಮದರಾಸು ವಿಧಾನ ಪರಿಷತ್ತಿನ ಸದಸ್ಯೆಯಾಗಿ, ಅದರ ಉಪಾಧ್ಯಕ್ಷೆಯೂ ಆಗಿ, ದೇವದಾಸಿ ಪದ್ಧತಿಯ ವಿರುದ್ಧ ಹೋರಾಟವನ್ನು ಸದನದೊಳಕ್ಕೆ ತಂದರು. ಸಂಪ್ರದಾಯದ ಹೆಸರಿನಲ್ಲಿ ಹೆಣ್ಣುಮಕ್ಕಳ ಮೈಗೆ ಆಗುವ ಹಾನಿಯನ್ನು ಅವರು ವೈದ್ಯೆಯಾಗಿ ಬಲ್ಲವರಾಗಿದ್ದರು. 1954ರಲ್ಲಿ ಅಡ್ಯಾರಿನ ಕ್ಯಾನ್ಸರ್ ಸಂಸ್ಥೆ ಆರಂಭವಾದದ್ದೂ ಅವರ ಶ್ರಮದಿಂದ. ಗಾಂಧೀಜಿಯವರ ವೈದ್ಯೆಯಾಗಿದ್ದ ಡಾ. ಸುಶೀಲಾ ನಯ್ಯರ್ 1962ರಿಂದ 1967ರವರೆಗೆ ಕೇಂದ್ರ ಆರೋಗ್ಯ ಸಚಿವೆಯಾಗಿದ್ದರು.

ಆದರೆ ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ದೆಹಲಿಯ ಏಮ್ಸ್ ಸಂಸ್ಥೆಗೆ ಕಾರಣವಾದ 1956ರ ಕಾಯಿದೆಯನ್ನು ಸಂಸತ್ತಿನಲ್ಲಿ ಮಂಡಿಸಿ ಪಾಸು ಮಾಡಿಸಿದ ರಾಜಕುಮಾರಿ ಅಮೃತ್ ಕೌರ್ ವೈದ್ಯೆಯಲ್ಲ. ಆರೋಗ್ಯದ ಬಗ್ಗೆ ಗಟ್ಟಿ ಶಾಸನ ತರಲು ಎಂಬಿಬಿಎಸ್ ಬೇಕೇಬೇಕು ಎಂದೇನಿಲ್ಲ.

## ಸದನದೊಳಗಿನ ಕೆಲಸ

ಮಾತಾಡೋಕೆ ಎಷ್ಟು ಹೊತ್ತು ಸಿಗುತ್ತೆ? ಟಿವಿಯಲ್ಲಿ ನೋಡಿದ್ರೆ ಶುರು ಮಾಡೋ ಹೊತ್ತಿಗೇ ಗಂಟೆ ಬಾರಿಸ್ತಾರಲ್ಲ!

ಮಸೂದೆಗೆ ನಿಗದಿಯಾದ ಒಟ್ಟು ಕಾಲವನ್ನು ಪಕ್ಷಗಳ ಬಲಕ್ಕೆ ತಕ್ಕಂತೆ ಹಂಚುತ್ತಾರೆ. ಪಕ್ಷಕ್ಕೆ ಸಿಕ್ಕ ಕಾಲದಲ್ಲಿ ಯಾರು ಮಾತನಾಡಬೇಕೆಂದು ಪಕ್ಷವೇ ತೀರ್ಮಾನಿಸುತ್ತದೆ. ಆರೋಗ್ಯದ ಮಸೂದೆ ಬಂದಾಗ ಪಕ್ಷಗಳು ಸಾಮಾನ್ಯವಾಗಿ ತಮ್ಮಲ್ಲಿರುವ ವೈದ್ಯರನ್ನೇ ಮುಂದೆ ಬಿಡುತ್ತವೆ. ಸಣ್ಣ ಪಕ್ಷದ ಸದಸ್ಯರಿಗೆ ಮೂರು ನಾಲ್ಕು ನಿಮಿಷ ಸಿಕ್ಕರೆ ದೊಡ್ಡದು. ಇದಲ್ಲದೆ ತುರ್ತು ವಿಷಯ ಎತ್ತುವ ಶೂನ್ಯವೇಳೆಯಿದೆ, ಲೋಕಸಭೆಯಲ್ಲಿ ನಿಯಮ 377ರ ಅಡಿಯಲ್ಲಿ ಕ್ಷೇತ್ರದ ವಿಷಯ ಎತ್ತುವ ಅವಕಾಶವಿದೆ, ನಿಯಮ 193ರ ಅಡಿಯಲ್ಲಿ ಮತಕ್ಕೆ ಹಾಕದೆ ನಡೆಸುವ ಅಲ್ಪಾವಧಿ ಚರ್ಚೆಯಿದೆ. ಭಾಷಣದ ತುಣುಕು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತದೆ. ಕೆಲಸ ನಡೆಯುವುದು ಬಹುಪಾಲು ಪ್ರಶ್ನೆಗಳಲ್ಲಿ ಮತ್ತು ಸಮಿತಿಗಳಲ್ಲಿ.

ಪ್ರಶ್ನೆ ಕೇಳಿದ್ರೆ ಏನ್ ಬರುತ್ತೆ, ಬರೀ ಕಾಗದ ತಾನೇ?

ಬರುವುದು ಕಾಗದವೇ, ಆದರೆ ಅದು ಸಚಿವರ ಸಹಿಗೆ ಸಮನಾದ ಕಾಗದ. ಲೋಕಸಭೆಯಲ್ಲಿ ಬೆಳಿಗ್ಗೆ 11ಕ್ಕೆ, ರಾಜ್ಯಸಭೆಯಲ್ಲಿ ಮಧ್ಯಾಹ್ನ 12ಕ್ಕೆ ಪ್ರಶ್ನೋತ್ತರ ವೇಳೆ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳು ಪಟ್ಟಿಗೆ ಬರುತ್ತವೆ. ಇವುಗಳಿಗೆ ಸಚಿವರು ಎದ್ದುನಿಂತು ಉತ್ತರಿಸಬೇಕು, ಸದಸ್ಯರು ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದವು ದಿನಕ್ಕೆ 230; ಇವಕ್ಕೆ ಲಿಖಿತ ಉತ್ತರ. ಯಾರ ಪ್ರಶ್ನೆ ಬರಬೇಕೆಂದು ಚೀಟಿ ಎತ್ತಿ ನಿರ್ಧರಿಸುತ್ತಾರೆ. 20ರಲ್ಲಿ ಸದನದಲ್ಲಿ ಮಾತಿಗೆ ಬರುವವು ಬೆರಳೆಣಿಕೆಯಷ್ಟು.

ವೈದ್ಯರಾದವರಿಗೆ ಇಲ್ಲಿ ಒಂದು ಅನುಕೂಲವಿದೆ. ತಪ್ಪಿಸಿಕೊಳ್ಳಲು ಆಗದಂತೆ ಪ್ರಶ್ನೆ ಕೇಳುವುದು ಅವರಿಗೆ ರೂಢಿ. ರೋಗಿಯನ್ನು ‘ಚೆನ್ನಾಗಿದ್ದೀರಾ’ ಎಂದು ಕೇಳಿದರೆ ‘ಚೆನ್ನಾಗಿದ್ದೀನಿ ಸಾರ್’ ಎಂಬ ಉತ್ತರ ಬರುತ್ತದೆಂದು ಅವರಿಗೆ ಗೊತ್ತು. ‘ಸರ್ಕಾರವು ಕ್ಷಯರೋಗ ನಿಯಂತ್ರಣಕ್ಕೆ ಕ್ರಮ ಕೈಗೊಂಡಿದೆಯೇ’ ಎಂದು ಕೇಳಿದರೆ ‘ಹೌದು’ ಎಂದು ಹೇಳಿ ಎರಡು ಪುಟ ಯೋಜನೆಗಳ ಪಟ್ಟಿ ಕೊಡುತ್ತಾರೆ. ಕಳೆದ ವರ್ಷ ಯಾವ ಯಾವ ತಿಂಗಳು ಕ್ಷಯದ ಮಾತ್ರೆಗಳ ದಾಸ್ತಾನು ಜಿಲ್ಲಾ ಉಗ್ರಾಣಗಳಲ್ಲಿ ಮುಗಿದಿತ್ತು ಎಂದು ಕೇಳಿದರೆ ಅಧಿಕಾರಿಗಳು ಕಡತ ತೆಗೆಯಲೇಬೇಕಾಗುತ್ತದೆ.

ನಮ್ಮ ಕಡೆ ಫ್ಲೋರೈಡ್ ನೀರಿನದೇ ದೊಡ್ಡ ಗೋಳು. ಅದು ಆರೋಗ್ಯದ ಚರ್ಚೆಗೆ ಬರುತ್ತಾ, ನೀರಿನ ಚರ್ಚೆಗಾ?

ಎರಡಕ್ಕೂ ಬರಬೇಕು, ಎರಡರ ನಡುವೆ ಬಿದ್ದುಹೋಗುವುದೇ ಹೆಚ್ಚು. ಬಾಗೇಪಲ್ಲಿ, ಪಾವಗಡ, ಮುಳಬಾಗಿಲು ಕಡೆಯ ಆಳವಾದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ಹೊಸ ಸುದ್ದಿಯೇನಲ್ಲ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಒಂದು ಲೀಟರಿನಲ್ಲಿ 1 ಮಿಲಿಗ್ರಾಂವರೆಗೆ ಇರಬಹುದು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ. ಅದನ್ನು ಮೀರಿದ ನೀರನ್ನು ಬಾಲ್ಯದಿಂದ ಕುಡಿದ ಮಗುವಿನ ಹಲ್ಲಿನ ಮೇಲೆ ಮೊದಲು ಸುಣ್ಣದಂಥ ಬಿಳಿ ಮಚ್ಚೆ, ಆಮೇಲೆ ಕಂದು ಗೆರೆ ಮೂಡುತ್ತದೆ. ವರ್ಷಗಟ್ಟಲೆ ಕುಡಿದವರ ಮಂಡಿ, ಬೆನ್ನುಮೂಳೆ ಬಿಗಿಯುತ್ತವೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ; ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಹೀಗೆ ಆದ ಹಲ್ಲನ್ನೂ ಬಿಗಿದ ಬೆನ್ನನ್ನೂ ಸರಿಪಡಿಸುವ ಮದ್ದು ನಮ್ಮಲ್ಲಿಲ್ಲ. ವೈದ್ಯರು ಇದನ್ನು ಸದನದಲ್ಲಿ ಹೇಳಬೇಕಾದದ್ದು ಅದಕ್ಕಾಗಿಯೇ.

ಊರ ಮುಂದೆ ‘ಶುದ್ಧ ಕುಡಿಯುವ ನೀರಿನ ಘಟಕ’ ಎಂಬ ಫಲಕವಿರುತ್ತದೆ. ನಾಣ್ಯ ಹಾಕಿ, ಕ್ಯಾನು ಒಡ್ಡಿದರೆ ನೀರು. ನೀರು ಸೋಸುವ ಪೊರೆ ಕೆಟ್ಟಿತೆಂದರೆ ಬಾಗಿಲಿಗೆ ಬೀಗ. ಸಾಲಿಗಿಟ್ಟ ಕ್ಯಾನುಗಳನ್ನು ಎತ್ತಿಕೊಂಡು ಹೆಂಗಸರು ಮತ್ತೆ ಹಳೆಯ ಕೊಳವೆಬಾವಿಯ ತೊಂಬೆಯ ಕಡೆಗೇ ನಡೆಯುತ್ತಾರೆ. ಆದರೆ ಲೆಕ್ಕದ ಪುಸ್ತಕದಲ್ಲಿ ಆ ಊರು ಶುದ್ಧ ನೀರು ಸಿಕ್ಕ ಊರು.

ಆರೋಗ್ಯ ಸಚಿವಾಲಯದ ಕೈಯಲ್ಲಿ 2008–09ರಲ್ಲಿ ಆರಂಭವಾದ ರಾಷ್ಟ್ರೀಯ ಫ್ಲೋರೋಸಿಸ್ ತಡೆ ಮತ್ತು ನಿಯಂತ್ರಣ ಕಾರ್ಯಕ್ರಮವಿದೆ. ನೀರು ಜಲಶಕ್ತಿ ಸಚಿವಾಲಯದ್ದು. 2019ರಲ್ಲಿ ಬಂದ ಜಲಜೀವನ್ ಮಿಷನ್ ಅದರದ್ದೇ. 2024ರಲ್ಲಿ ಆ ಸಚಿವಾಲಯದ ರಾಜ್ಯ ಸಚಿವರಾದವರಲ್ಲಿ ತುಮಕೂರಿನ ಸಂಸದ ವಿ. ಸೋಮಣ್ಣ ಒಬ್ಬರು. ಸಚಿವರಾದವರು ಸದನದಲ್ಲಿ ಪ್ರಶ್ನೆ ಕೇಳುವಂತಿಲ್ಲ, ಉತ್ತರ ಹೇಳಬೇಕಾದವರು. ಅಂದರೆ ಬಾಗೇಪಲ್ಲಿಯ ನೀರಿನ ಬಗ್ಗೆ ಚಿಕ್ಕಬಳ್ಳಾಪುರದ ವೈದ್ಯ ಸಂಸದರು ಕೇಳಿದ ಪ್ರಶ್ನೆಗೆ ತುಮಕೂರಿನ ಸಂಸದರ ಸಚಿವಾಲಯ ಉತ್ತರ ಕೊಡಬೇಕಾಗುವ ಸಂದರ್ಭ ಇದು. ಕೇಳಬೇಕಾದದ್ದು ಘಟಕಗಳ ಸಂಖ್ಯೆಯನ್ನಲ್ಲ. ಎಷ್ಟು ಘಟಕಗಳು ಕೆಲಸ ಮಾಡುತ್ತಿವೆ, ನೀರನ್ನು ಕೊನೆಯ ಸಲ ಪರೀಕ್ಷಿಸಿದ್ದು ಯಾವಾಗ, ಜಿಲ್ಲಾ ಮಟ್ಟದಲ್ಲಿ ಫ್ಲೋರೈಡ್ ಅಳೆಯುವ ತಂತ್ರಜ್ಞರ ಹುದ್ದೆ ಭರ್ತಿಯಾಗಿದೆಯೇ ಎಂಬುದನ್ನು.

ಕೋಲಾರ ಚಿನ್ನದ ಗಣಿಯ ದೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆಯಾದ ಸಿಲಿಕೋಸಿಸ್‌ಗೂ ಇದೇ ಗತಿ. ದೇಶದಲ್ಲಿ ಆ ಕಾಯಿಲೆ ಮೊದಲು ವರದಿಯಾದದ್ದು ಕೋಲಾರದ ಗಣಿಗಳಿಂದ ಎಂದು ನಮ್ಮ ವೈದ್ಯಕೀಯ ಪಠ್ಯದಲ್ಲಿಯೇ ಓದಿದ್ದೇವೆ. ಗಣಿ 2001ರ ಫೆಬ್ರುವರಿಯಲ್ಲಿ ಮುಚ್ಚಿತು, ಶ್ವಾಸಕೋಶದೊಳಗೆ ಹೊಕ್ಕ ದೂಳು ಮಾತ್ರ ಹೊರಬರಲಿಲ್ಲ. ಆ ಕಾರ್ಮಿಕರ ಪ್ರಶ್ನೆಯನ್ನು ಆರೋಗ್ಯ ಸಚಿವಾಲಯಕ್ಕೆ ಕಳಿಸಿದರೆ ಕಾರ್ಮಿಕ ಸಚಿವಾಲಯದ ಕಡೆಗೂ ಗಣಿ ಸಚಿವಾಲಯದ ಕಡೆಗೂ ತಿರುಗಿಸುತ್ತಾರೆ. ಯಾವ ಸಚಿವಾಲಯದ ಬಾಗಿಲು ತಟ್ಟಬೇಕೆಂದು ತಿಳಿದಿರುವುದೂ ಸಂಸದರ ಕೌಶಲ.

ಆಕ್ಸಿಜನ್ ಕೊರತೆಯಿಂದ ಯಾರೂ ಸತ್ತಿಲ್ಲ ಅಂತ ಸಂಸತ್ತಿನಲ್ಲಿ ಹೇಳಿದ್ರಲ್ಲ, ಅದೂ ಡಾಕ್ಟರಾದ ಸಚಿವರು! ಅದು ಹೇಗೆ?

2021ರ ಜುಲೈ 20ರಂದು ಕೋವಿಡ್ ಎರಡನೇ ಅಲೆಯ ಬಗ್ಗೆ ರಾಜ್ಯಸಭೆಗೆ ಆ ಲಿಖಿತ ಉತ್ತರ ಕೊಟ್ಟವರು ಆರೋಗ್ಯ ರಾಜ್ಯ ಸಚಿವೆ ಡಾ. ಭಾರತಿ ಪ್ರವೀಣ್ ಪವಾರ್. ಅವರು ವೈದ್ಯೆ ಎಂಬುದೂ ನಿಜ. ಉತ್ತರದ ಒಕ್ಕಣೆಯನ್ನು ಗಮನಿಸಬೇಕು. ಆರೋಗ್ಯ ರಾಜ್ಯಗಳ ವಿಷಯ, ಸಾವಿನ ವರದಿ ಕಳಿಸುವವು ರಾಜ್ಯಗಳು, ಆಮ್ಲಜನಕದ ಕೊರತೆಯಿಂದ ಸಾವು ಎಂದು ನಿರ್ದಿಷ್ಟವಾಗಿ ಯಾವ ರಾಜ್ಯವೂ ವರದಿ ಮಾಡಿಲ್ಲ ಎಂದಿತ್ತು ಅದು. ಎರಡು ತಿಂಗಳ ಹಿಂದಷ್ಟೇ ಚಾಮರಾಜನಗರದಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ರೋಗಿಗಳು ಮೃತಪಟ್ಟ ದುರಂತವನ್ನು ಕಂಡಿದ್ದ ಕನ್ನಡಿಗರಿಗೆ ಇದು ಸಂಕಟ ತಂದದ್ದು ಆಶ್ಚರ್ಯವಲ್ಲ.

ಮರಣದ ಕಾರಣ ಬರೆಯುವ ಪ್ರಮಾಣಪತ್ರದ ನಮೂನೆಯಲ್ಲಿ ತಕ್ಷಣದ ಕಾರಣ, ಅದಕ್ಕೆ ಮೂಲವಾದ ಕಾಯಿಲೆ, ಪೂರಕ ಕಾರಣಗಳು ಎಂಬ ಸಾಲುಗಳಿರುತ್ತವೆ. ವೈದ್ಯರು ಅಲ್ಲಿ ಉಸಿರಾಟದ ವೈಫಲ್ಯ, ಕೋವಿಡ್ ನ್ಯುಮೋನಿಯಾ ಎಂದು ಬರೆಯುತ್ತಾರೆ. ಸಿಲಿಂಡರು ಖಾಲಿಯಾಗಿತ್ತು ಎಂದು ಬರೆಯಲು ಅಲ್ಲಿ ಸಾಲಿಲ್ಲ. ಆದ್ದರಿಂದ ಸಾವಿನ ಸಂಖ್ಯೆ ಕೇಳಿದರೆ ಸೊನ್ನೆಯೇ ಬರುತ್ತದೆ. ಈ ನಮೂನೆ ತುಂಬಿ ಅನುಭವವಿದ್ದ ಸಂಸದರಾದರೆ ಬೇರೆಯದನ್ನು ಕೇಳುತ್ತಿದ್ದರು: ಯಾವ ಯಾವ ಜಿಲ್ಲಾ ಆಸ್ಪತ್ರೆಗಳಿಂದ ತುರ್ತು ಆಮ್ಲಜನಕಕ್ಕೆ ಬೇಡಿಕೆ ಹೋಗಿತ್ತು, ಅದು ಎಷ್ಟು ಗಂಟೆ ತಡವಾಗಿ ತಲುಪಿತು, ಆ ಗಂಟೆಗಳಲ್ಲಿ ತೀವ್ರ ನಿಗಾ ಘಟಕದಲ್ಲಿ ಎಷ್ಟು ಸಾವು ದಾಖಲಾಯಿತು? ಸಚಿವರ ಕುರ್ಚಿಯಲ್ಲಿ ವೈದ್ಯರು ಕುಳಿತಿದ್ದರೆ ಮಾತ್ರ ಸಾಲದು, ಕೇಳುವ ಬೆಂಚಿನಲ್ಲಿಯೂ ಒಬ್ಬರಿರಬೇಕು.

ಬಜೆಟ್‌ನಲ್ಲಿ ಆರೋಗ್ಯಕ್ಕೆ ಕಡಿಮೆ ಕೊಟ್ಟರೆ ಇವರು ತಡೆಯಬಹುದಾ?

ತಡೆಯಲಾರರು; ಒತ್ತಾಯಿಸಬಹುದು. 2017ರ ರಾಷ್ಟ್ರೀಯ ಆರೋಗ್ಯ ನೀತಿಯು 2025ರೊಳಗೆ ಸರ್ಕಾರಗಳ ಆರೋಗ್ಯ ವೆಚ್ಚವನ್ನು ದೇಶದ ಒಟ್ಟು ಉತ್ಪನ್ನದ ಶೇ 2.5ಕ್ಕೆ ಏರಿಸುವ ಗುರಿ ಇಟ್ಟಿತ್ತು. ಆ ಗುರಿಯನ್ನು ಹಿಡಿದು ಕೇಳುವ ಹಕ್ಕು ಪ್ರತಿ ಸದಸ್ಯರಿಗೂ ಇದೆ, ಅನುದಾನದ ಮೊತ್ತ ತಗ್ಗಿಸಬೇಕೆಂದು ಸೂಚಿಸಿ ಅಸಮ್ಮತಿ ದಾಖಲಿಸುವ ಕಡಿತ ಸೂಚನೆಯನ್ನೂ ಮಂಡಿಸಬಹುದು. ಆದರೆ ಹಲವು ಸಚಿವಾಲಯಗಳ ಅನುದಾನ ಬೇಡಿಕೆಗಳನ್ನು ಚರ್ಚೆಯೇ ಇಲ್ಲದೆ ಕೊನೆಯ ದಿನ ಒಟ್ಟಿಗೆ ಮತಕ್ಕೆ ಹಾಕಿ ಮುಗಿಸುವುದು ವಾಡಿಕೆ. ಗಿಲೊಟಿನ್ ಎನ್ನುವುದು ಇದನ್ನೇ. ಆರೋಗ್ಯವೂ ಎಷ್ಟೋ ವರ್ಷ ಆ ಗುಂಪಿನಲ್ಲಿ ಹೋಗಿದೆ.

## ಮಸೂದೆ, ಸಮಿತಿ, ವಿಪ್

ಸ್ಥಾಯಿ ಸಮಿತಿ ಅಂತಾರಲ್ಲ, ಅಲ್ಲಿ ಡಾಕ್ಟರಿಗೆ ಏನು ಕೆಲಸ?

ನನ್ನನ್ನು ಕೇಳಿದರೆ ವೈದ್ಯ ಸಂಸದರ ನಿಜವಾದ ಜಾಗ ಅದೇ. ಆರೋಗ್ಯ ಮತ್ತು ಕುಟುಂಬ ಕಲ್ಯಾಣದ ಸ್ಥಾಯಿ ಸಮಿತಿಯಲ್ಲಿ 31 ಸದಸ್ಯರು: ಲೋಕಸಭೆಯ 21, ರಾಜ್ಯಸಭೆಯ 10. ಅಲ್ಲಿ ಕ್ಯಾಮೆರಾ ಇಲ್ಲ. ಅಧಿಕಾರಿಗಳನ್ನೂ ತಜ್ಞರನ್ನೂ ರೋಗಿಗಳ ಸಂಘಟನೆಗಳನ್ನೂ ಎದುರಿಗೆ ಕೂರಿಸಿಕೊಂಡು ಗಂಟೆಗಟ್ಟಲೆ ಕೇಳಬಹುದು. ಭಾರತೀಯ ವೈದ್ಯಕೀಯ ಪರಿಷತ್ತಿನ ಕಾರ್ಯವೈಖರಿಯ ಬಗ್ಗೆ ಈ ಸಮಿತಿ 2016ರ ಮಾರ್ಚ್‌ನಲ್ಲಿ ಕೊಟ್ಟ 92ನೇ ವರದಿ ಆ ಸಂಸ್ಥೆಯ ಭವಿಷ್ಯವನ್ನೇ ಬದಲಿಸಿತು.

ಅದರ ಮುಂದುವರಿಕೆಯಾಗಿ 2017ರ ಡಿಸೆಂಬರ್‌ನಲ್ಲಿ ಆ ಪರಿಷತ್ತಿನ ಜಾಗಕ್ಕೆ ಆಯೋಗವನ್ನು ತರುವ ರಾಷ್ಟ್ರೀಯ ವೈದ್ಯಕೀಯ ಆಯೋಗ ಮಸೂದೆ ಬಂತು. ಆಯುಷ್ ವೈದ್ಯರು ಸೇತುಬಂಧ (ಬ್ರಿಡ್ಜ್) ಕೋರ್ಸ್ ಮಾಡಿ ಕೆಲವು ಆಧುನಿಕ ಔಷಧಿಗಳನ್ನು ಬರೆಯಬಹುದೆಂಬ ಅಂಶ ಅದರಲ್ಲಿತ್ತು. 2018ರ ಜನವರಿ 2ರಂದು ದೇಶದಾದ್ಯಂತ ವೈದ್ಯರು ಮುಷ್ಕರ ಹೂಡಿದರು. ಅದೇ ದಿನ ಮಸೂದೆ ಸ್ಥಾಯಿ ಸಮಿತಿಗೆ ಹೋಯಿತು. ಆ ಕೋರ್ಸನ್ನು ಕಡ್ಡಾಯ ಮಾಡಬಾರದು, ರಾಜ್ಯಗಳ ವಿವೇಚನೆಗೆ ಬಿಡಬೇಕು ಎಂದು ಸಮಿತಿ ಹೇಳಿತು. ಸರ್ಕಾರ ಆ ಅಂಶವನ್ನು ಕೈಬಿಟ್ಟಿತು. 2019ರಲ್ಲಿ ಹೊಸದಾಗಿ ಮಂಡಿಸಿದ ಮಸೂದೆಯಲ್ಲಿ ಎಂಬಿಬಿಎಸ್ ಇಲ್ಲದ ಸಮುದಾಯ ಆರೋಗ್ಯ ಸೇವಾದಾರರಿಗೆ ಆಧುನಿಕ ಚಿಕಿತ್ಸೆಗೆ ಸೀಮಿತ ಪರವಾನಗಿ ಕೊಡುವ 32ನೇ ಕಲಂ ಸೇರಿತು. ಅದನ್ನು ಸದನದಲ್ಲಿ ಸಮರ್ಥಿಸಿದ ಸಚಿವ ಡಾ. ಹರ್ಷವರ್ಧನ್ ಕಿವಿ–ಮೂಗು–ಗಂಟಲು ತಜ್ಞರು, ಬೀದಿಯಲ್ಲಿ ವಿರೋಧಿಸಿದವರೂ ವೈದ್ಯರೇ. ವೈದ್ಯರೆಲ್ಲ ಒಂದೇ ದನಿಯಲ್ಲಿ ಮಾತನಾಡುತ್ತಾರೆಂದು ಭಾವಿಸುವವರು ಆ ದಿನಗಳ ಪತ್ರಿಕೆ ತೆಗೆದು ನೋಡಬಹುದು.

ಬಾಡಿಗೆ ತಾಯ್ತನದ ಮಸೂದೆಯೂ ಹೀಗೆಯೇ ಸಮಿತಿಯಲ್ಲಿ ರೂಪ ಬದಲಿಸಿತು. 2019ರಲ್ಲಿ ರಾಜ್ಯಸಭೆ ಅದನ್ನು ಆ ಮಸೂದೆಗೆಂದೇ ರಚಿಸಿದ ಆಯ್ಕೆ ಸಮಿತಿಗೆ ಒಪ್ಪಿಸಿತು. ಹತ್ತಿರದ ಸಂಬಂಧಿಯೇ ಬಾಡಿಗೆ ತಾಯಿಯಾಗಬೇಕೆಂಬ ಷರತ್ತನ್ನು ತೆಗೆಯಬೇಕು, ತಾಯಿಯ ವಿಮೆಯ ಅವಧಿಯನ್ನು 16 ತಿಂಗಳಿಂದ 36ಕ್ಕೆ ಏರಿಸಬೇಕು ಎಂಬ ಶಿಫಾರಸುಗಳು 2020ರಲ್ಲಿ ಬಂದವು. ಹೆರಿಗೆಯ ತೊಡಕುಗಳು ಹೆರಿಗೆಯ ದಿನವೇ ಮುಗಿಯುವುದಿಲ್ಲ ಎಂಬ ಅರಿವು ಇಲ್ಲದೆ ಆ 36 ಬರುವುದಿಲ್ಲ.

ಡಾಕ್ಟರ್ ಸಂಸದರೇ ಒಂದು ಮಸೂದೆ ತಂದುಬಿಡಬಹುದಲ್ಲ?

ತರಬಹುದು. ಸಚಿವರಲ್ಲದ ಯಾವ ಸದಸ್ಯರೂ ಖಾಸಗಿ ಮಸೂದೆ ಮಂಡಿಸಬಹುದು; ಶುಕ್ರವಾರದ ಮಧ್ಯಾಹ್ನ ಅದಕ್ಕೆಂದೇ ಮೀಸಲು. ಆದರೆ ಸ್ವಾತಂತ್ರ್ಯಾನಂತರ ಕಾಯಿದೆಯಾದ ಖಾಸಗಿ ಮಸೂದೆಗಳು 14 ಮಾತ್ರ, ಕೊನೆಯದು 1970ರಲ್ಲಿ. ವಿಷಯವೊಂದು ಚರ್ಚೆಗೆ ಬರಲಿ, ಸಚಿವರು ಉತ್ತರ ಕೊಡಲಿ ಎಂಬ ಉದ್ದೇಶಕ್ಕಷ್ಟೇ ಅದು ಉಪಯೋಗ.

ಪಕ್ಷ ವಿಪ್ ಕೊಟ್ಟರೆ ಡಾಕ್ಟರ ಆತ್ಮಸಾಕ್ಷಿ ಏನಾಗಬೇಕು?

1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೇ ಅನುಸೂಚಿಯ ಪ್ರಕಾರ ವಿಪ್ (ಹೀಗೆಯೇ ಮತ ಹಾಕಬೇಕೆಂಬ ಪಕ್ಷದ ಆಜ್ಞೆ) ಮೀರಿ ಮತ ಹಾಕಿದವರು ಸದಸ್ಯತ್ವ ಕಳೆದುಕೊಳ್ಳಬಹುದು. ಅದು ಮತಕ್ಕೆ ಸಂಬಂಧಿಸಿದ್ದು. ಚರ್ಚೆಯಲ್ಲಿ ಮಸೂದೆಯ ಕೊರತೆ ತೋರಿಸಿ, ತಿದ್ದುಪಡಿ ಸೂಚಿಸಿ, ಕೊನೆಗೆ ಪಕ್ಷದ ಜೊತೆ ಮತ ಹಾಕಿದ ವೈದ್ಯ ಸದಸ್ಯರು ಎಲ್ಲ ಪಕ್ಷಗಳಲ್ಲಿಯೂ ಇದ್ದಾರೆ. ಸ್ಥಾಯಿ ಸಮಿತಿಯಲ್ಲಿ ವಿಪ್ ಇಲ್ಲ, ಭಿನ್ನಮತವನ್ನು ಟಿಪ್ಪಣಿಯಾಗಿ ವರದಿಗೆ ಸೇರಿಸಬಹುದು. ಆ ಟಿಪ್ಪಣಿಗಳು ಯಾರೂ ಓದದ ಸಾಹಿತ್ಯ ಎಂದು ಹಲವರು ನಗುತ್ತಾರೆ. ನಾಳೆ ಕಾಯಿದೆ ತೊಡಕಾದಾಗ ವಕೀಲರು ಮೊದಲು ಹುಡುಕುವುದು ಅವನ್ನೇ.

## ತೊಡಕಿನ ಪ್ರಶ್ನೆಗಳು

ಕೊನೆಗೂ ಡಾಕ್ಟರು ಡಾಕ್ಟರ ಪರವೇ ಮಾತಾಡೋದು ಅಲ್ವಾ?

ಈ ಅನುಮಾನಕ್ಕೆ ಆಧಾರವಿದೆ, ಮುಚ್ಚಿಡುವುದು ಬೇಡ. ವೈದ್ಯರ ಮೇಲಿನ ಹಲ್ಲೆಯ ಬಗ್ಗೆ, ತೆರಿಗೆಯ ಬಗ್ಗೆ, ಗ್ರಾಹಕ ಕಾನೂನಿನ ಬಗ್ಗೆ ಕೇಳಿಬರುವಷ್ಟು ದನಿ ಆಸ್ಪತ್ರೆಯ ಬಿಲ್ಲಿನ ಬಗ್ಗೆ ಅನೇಕ ಸಲ ಕೇಳಿಬರುವುದಿಲ್ಲ.

ನಮ್ಮ ರಾಜ್ಯದ ಉದಾಹರಣೆಯನ್ನೇ ನೋಡಿ. 2017ರಲ್ಲಿ ಖಾಸಗಿ ಆಸ್ಪತ್ರೆಗಳ ದರಕ್ಕೂ ನಡತೆಗೂ ಕಡಿವಾಣ ಹಾಕುವ ಖಾಸಗಿ ವೈದ್ಯಕೀಯ ಸಂಸ್ಥೆಗಳ ತಿದ್ದುಪಡಿ ಮಸೂದೆಯನ್ನು ಹೊತ್ತು ನಡೆದವರು ಶ್ರೀನಿವಾಸಪುರದ ಶಾಸಕರೂ ಆರೋಗ್ಯ ಸಚಿವರೂ ಆಗಿದ್ದ ಕೆ.ಆರ್. ರಮೇಶ್ ಕುಮಾರ್. ಅವರು ವೈದ್ಯರಲ್ಲ. ಬೆಳಗಾವಿ ಅಧಿವೇಶನದ ಹೊತ್ತಿಗೆ ಖಾಸಗಿ ವೈದ್ಯರು ಮುಷ್ಕರ ಹೂಡಿದರು, ಹೊರರೋಗಿ ವಿಭಾಗಗಳು ಮುಚ್ಚಿದವು, ಸರ್ಕಾರ ಜೈಲು ಶಿಕ್ಷೆಯಂಥ ಅಂಶಗಳನ್ನು ಸಡಿಲಿಸಿ ನವೆಂಬರ್‌ನಲ್ಲಿ ಮಸೂದೆ ಪಾಸು ಮಾಡಿತು. ಬಿಲ್ಲು ಬಾಕಿಯಿದೆ ಎಂದು ಶವವನ್ನು ತಡೆಹಿಡಿಯಬಾರದು ಎಂಬ ಅಂಶ, ರೋಗಿಗಳ ಹಕ್ಕುಗಳ ಸನ್ನದು, ಜಿಲ್ಲಾ ಮಟ್ಟದ ದೂರು ವ್ಯವಸ್ಥೆ ಉಳಿದವು. ಅಂದು ಮುಷ್ಕರದಲ್ಲಿದ್ದವರ ಭಯವೂ ಪೂರ್ತಿ ಸುಳ್ಳಾಗಿರಲಿಲ್ಲ. ಸಣ್ಣ ಊರಿನಲ್ಲಿ ಹತ್ತು ಹಾಸಿಗೆಯ ನರ್ಸಿಂಗ್ ಹೋಂ ನಡೆಸುವವರನ್ನು ಬೆಂಗಳೂರಿನ ದೊಡ್ಡ ಆಸ್ಪತ್ರೆಗಳ ಸಾಲಿನಲ್ಲಿಯೇ ನಿಲ್ಲಿಸಿದ್ದು ಸರಿಯಲ್ಲ ಎಂಬ ವಾದದಲ್ಲಿ ಹುರುಳಿತ್ತು. ಈ ಎರಡನ್ನೂ ಬಿಡಿಸಿ ಹೇಳಬಲ್ಲವರು ಸದನದಲ್ಲಿ ಬೇಕಿದ್ದರು.

ನಿಯಮಗಳ ಮಟ್ಟಿಗೆ ಹೇಳುವುದಾದರೆ, ರಾಜ್ಯಸಭೆಯಲ್ಲಿ ಸದಸ್ಯರ ಹಿತಾಸಕ್ತಿಗಳ ದಾಖಲೆ ಪುಸ್ತಕವಿದೆ. ಲೋಕಸಭೆಯಲ್ಲಿ ನೇರ ಆರ್ಥಿಕ ಹಿತಾಸಕ್ತಿಯಿರುವ ಸದಸ್ಯರ ಮತವನ್ನು ಪ್ರಶ್ನಿಸಲು ಅವಕಾಶವಿದೆ. ಆಸ್ಪತ್ರೆಯನ್ನೋ ವೈದ್ಯಕೀಯ ಕಾಲೇಜನ್ನೋ ನಡೆಸುವ ಸದಸ್ಯರು ಆ ವಿಷಯದಲ್ಲಿ ಮಾತು ಆರಂಭಿಸುವ ಮೊದಲು ತಮ್ಮ ಸಂಬಂಧವನ್ನು ಒಂದು ವಾಕ್ಯದಲ್ಲಿ ಹೇಳಿದರೆ ಕೇಳುವವರಿಗೆ ಅಳತೆಗೋಲು ಸಿಗುತ್ತದೆ.

ರೋಗಿಯ ಕಥೆಯನ್ನ ಸದನದಲ್ಲಿ ಹೇಳಬಹುದಾ? ಅದು ಗುಟ್ಟು ಅಲ್ವಾ?

ಕಾನೂನಿನ ಮಟ್ಟಿಗೆ 105ನೇ ವಿಧಿಯು ಸದನದಲ್ಲಿ ಆಡಿದ ಮಾತಿಗೆ ರಕ್ಷಣೆ ಕೊಡುತ್ತದೆ, ಯಾವ ನ್ಯಾಯಾಲಯವೂ ಪ್ರಶ್ನಿಸುವಂತಿಲ್ಲ. ಆದರೆ ವೈದ್ಯರ ವೃತ್ತಿ ನಡತೆಯ 2002ರ ನಿಯಮಗಳು ರೋಗಿಯ ಗೋಪ್ಯತೆಯನ್ನು ಕಾಪಾಡಲು ಹೇಳುತ್ತವೆ, ಸಂಸದರಾದ ಮಾತ್ರಕ್ಕೆ ಆ ಋಣ ತೀರುವುದಿಲ್ಲ. ಹೆಸರು ಬಿಟ್ಟರೆ ಸಾಕು ಎಂದು ಅನೇಕರು ತಿಳಿಯುತ್ತಾರೆ. ‘ನಮ್ಮ ಕ್ಷೇತ್ರದ ಇಂಥ ಹೋಬಳಿಯ ಹದಿನಾರರ ಹುಡುಗಿ, ಅವಳ ತಂದೆ ರೇಷ್ಮೆ ರೀಲರ್’ ಎಂದರೆ ಶಿಡ್ಲಘಟ್ಟದಲ್ಲಿ ಅದು ಯಾರೆಂದು ಸಂಜೆಯೊಳಗೆ ಗೊತ್ತಾಗುತ್ತದೆ. ಊರು, ವಯಸ್ಸು, ಕಸುಬು ಮೂರೂ ಒಟ್ಟಿಗೆ ಬರದಂತೆ ನೋಡಿಕೊಳ್ಳಬೇಕು. ಗರ್ಭಪಾತ, ಮಾನಸಿಕ ಕಾಯಿಲೆ, ಎಚ್‌ಐವಿ ವಿಷಯಗಳಲ್ಲಿ ಒಬ್ಬರ ಕಥೆಯ ಬದಲು ನೂರು ಜನರ ಕಥೆಯನ್ನು ಸಂಖ್ಯೆಯಾಗಿ ಹೇಳುವುದೇ ಮೇಲು.

ಹಾರ್ಟ್ ಡಾಕ್ಟರಿಗೆ ಆಶಾ ಕಾರ್ಯಕರ್ತೆಯರ ಕಷ್ಟ ಗೊತ್ತಿರುತ್ತಾ?

ತಾನಾಗಿ ಗೊತ್ತಿರುವುದಿಲ್ಲ. ತಜ್ಞ ವೈದ್ಯರು ತಮ್ಮ ಕ್ಷೇತ್ರದ ಚಿಕಿತ್ಸೆಯನ್ನೇ ದೇಶದ ಆರೋಗ್ಯವೆಂದು ಭಾವಿಸುವ ಅಪಾಯವಿದೆ: ಸ್ಟೆಂಟ್ ಬೆಲೆಯ ಬಗ್ಗೆ ಅರ್ಧ ಗಂಟೆ, ಅಂಗನವಾಡಿಯ ಮೊಟ್ಟೆಯ ಬಗ್ಗೆ ಒಂದು ಸಾಲು. ಸದನದಲ್ಲಿ ‘ನಾನು ವೈದ್ಯ, ನನಗೆ ಗೊತ್ತು’ ಎಂಬ ಮಾತು ಬಂದ ಕೂಡಲೇ ಉಳಿದವರು ಸುಮ್ಮನಾಗುತ್ತಾರೆ; ಆ ಮೌನ ಒಳ್ಳೆಯದಲ್ಲ. ಮತ್ತೊಂದು ಕಡೆ, ದೊಡ್ಡ ಸರ್ಕಾರಿ ಆಸ್ಪತ್ರೆಯನ್ನು ನಡೆಸಿ ಬಂದವರಿಗೆ ಹಣ ಎಲ್ಲಿ ಸೋರುತ್ತದೆ, ಉಪಕರಣದ ಖರೀದಿ ಎಲ್ಲಿ ನಿಲ್ಲುತ್ತದೆ, ಬಡವರಿಗೆ ರಿಯಾಯಿತಿ ಕೊಟ್ಟೂ ಸಂಸ್ಥೆ ಹೇಗೆ ನಡೆಯುತ್ತದೆ ಎಂಬ ತಿಳಿವಳಿಕೆಯಿರುತ್ತದೆ. ಕಾಯಿಲೆಯ ಜ್ಞಾನಕ್ಕಿಂತ ನೀತಿ ಚರ್ಚೆಗೆ ಹೆಚ್ಚು ಬೇಕಾದದ್ದು ಅದು.

ನಾವು ಪಿಎಚ್‌ಸಿಯಲ್ಲಿ ಕೆಲಸ ಮಾಡೋರು. ನಮ್ಮ ಮಾತು ದೆಹಲಿ ತನಕ ಹೇಗೆ ತಲುಪಬೇಕು?

ಸೇವೆಯಲ್ಲಿರುವವರು ನಡತೆ ನಿಯಮಗಳ ಕಾರಣ ಸರ್ಕಾರವನ್ನು ಟೀಕಿಸಿ ನೇರವಾಗಿ ಬರೆಯದೆ ವೈದ್ಯಾಧಿಕಾರಿಗಳ ಸಂಘದ ಮೂಲಕವೋ ನಿವೃತ್ತರ ಮೂಲಕವೋ ಹೋಗುವುದು ಕ್ಷೇಮ. ಮಸೂದೆಯೊಂದು ಸಮಿತಿಗೆ ಹೋದಾಗ ಪತ್ರಿಕೆಗಳಲ್ಲಿ ಪ್ರಕಟಣೆ ಬರುತ್ತದೆ. ಅದರಲ್ಲಿ ಹೇಳಿದ ದಿನದೊಳಗೆ ಯಾವ ನಾಗರಿಕರೂ ಅಭಿಪ್ರಾಯ ಕಳಿಸಬಹುದು, ಅದಕ್ಕೆ ಯಾರ ಶಿಫಾರಸೂ ಬೇಡ.

ಸಂಸದರಿಗೆ ಕೊಡುವುದಾದರೆ ಮನವಿ ಒಂದು ಪುಟ ಮೀರಬಾರದು. ಹಾರ, ಶಾಲು, ಫೋಟೊದ ನಡುವೆ ಕೈಗಿತ್ತ ಹತ್ತು ಪುಟದ ಮನವಿ ಕಾರಿನ ಹಿಂದಿನ ಸೀಟಿನಲ್ಲಿಯೇ ಉಳಿಯುತ್ತದೆ. ನಿಮ್ಮ ರಿಜಿಸ್ಟರಿನಲ್ಲಿರುವ ಸಂಖ್ಯೆ, ಅದಕ್ಕೆ ಸಂಬಂಧಿಸಿದ ಕೇಂದ್ರ ಯೋಜನೆಯ ಹೆಸರು, ಯಾವ ನಿಯಮ ಅಡ್ಡಿಯಾಗಿದೆ, ಏನು ಬದಲಾಗಬೇಕು, ಇಷ್ಟಿರಲಿ. ಸಾಧ್ಯವಾದರೆ ಪ್ರಶ್ನೆಯನ್ನು ಪ್ರಶ್ನೆಯ ರೂಪದಲ್ಲಿಯೇ ಬರೆದುಕೊಡಿ. ಸಂಸದರ ಕಚೇರಿಯಲ್ಲಿ ಅದನ್ನು ಸಿದ್ಧಪಡಿಸುವವರು ಸಾಮಾನ್ಯವಾಗಿ ಆರೋಗ್ಯ ಇಲಾಖೆಯನ್ನು ಬಲ್ಲವರಲ್ಲ. ಪ್ರಶ್ನೆಗೆ ಕನಿಷ್ಠ 15 ದಿನ ಮೊದಲೇ ಸೂಚನೆ ಕೊಡಬೇಕಾದ್ದರಿಂದ, ಜುಲೈನಲ್ಲಿ ಆರಂಭವಾಗುವ ಮುಂಗಾರು ಅಧಿವೇಶನಕ್ಕೆ ನಿಮ್ಮ ಕಾಗದ ಜೂನ್ ಮಧ್ಯದೊಳಗೆ, ಚಳಿಗಾಲದ ಅಧಿವೇಶನಕ್ಕೆ ಅಕ್ಟೋಬರ್ ಮುಗಿಯುವುದರೊಳಗೆ ಅವರ ಕಚೇರಿಯಲ್ಲಿರಲಿ. ಉತ್ತರ ಬಂದ ದಿನವೇ ಸದನದ ಜಾಲತಾಣದಲ್ಲಿ ಅದನ್ನು ಇಳಿಸಿಕೊಂಡು ನಿಮ್ಮ ರಿಜಿಸ್ಟರಿನ ಪಕ್ಕದಲ್ಲಿಟ್ಟು ಓದಿ. ಅಂಕಿ ಹೊಂದದಿದ್ದರೆ ಮುಂದಿನ ಅಧಿವೇಶನದ ಪ್ರಶ್ನೆ ಅದೇ.